ಹತ್ತೊಂಬತ್ತನೆಯ ಅಚ್ಚು

ಅಚ್ಚುಗಳನ್ನೆಲ್ಲ ಕತ್ತರಿಸಿ ಹಾಕಬೇಕು ಎಂಬ ಪತ್ರ ಬಂದಾಗ ನಮ್ಮ ಶೆಡ್ಡಿನಲ್ಲಿ ಹಳೆಯ ಮಾಡೆಲ್ಲಿನ ಒಂದು ಜೀಪಿಗೆ ಸೇರಿದ ಅಚ್ಚುಗಳು ಹತ್ತೊಂಬತ್ತು ಇದ್ದವು. ಹದಿನೆಂಟನ್ನು ಯಾವ ತಕರಾರೂ ಇಲ್ಲದೆ ಮುಗಿಸಿದೆವು. ಕೊನೆಯದೊಂದು ಸೋಮವಾರದಿಂದ ಶನಿವಾರದವರೆಗೆ ನಮ್ಮನ್ನು ಹಿಡಿದಿಟ್ಟುಕೊಂಡಿತು. ನಾನು ಬರೆಯಹೊರಟಿರುವುದು ಆ ವಾರದ ವಿಷಯ.

ಚಿಕ್ಕಮಗಳೂರಿನ ಹೊರಗೆ, ತಗಡನ್ನು ಅಚ್ಚಿನಲ್ಲಿ ಒತ್ತಿ ಬಿಡಿಭಾಗ ಮಾಡುವ ಒಂದು ಸಣ್ಣ ಪ್ರೆಸ್ ಕಾರ್ಖಾನೆಯಲ್ಲಿ ನಾನು ತಪಾಸಣೆಯ ಕೆಲಸ ನೋಡಿಕೊಳ್ಳುತ್ತೇನೆ. ತಪಾಸಣೆ ವಿಭಾಗ ಎಂದರೆ ನಾನೊಬ್ಬಳೇ, ಜೊತೆಗೆ ಒಂದು ಮೇಜು ಮತ್ತು ಅಳತೆಯ ಸಾಧನಗಳಿರುವ ಒಂದು ಕಬ್ಬಿಣದ ಬೀರು. ದಿನಾ ಆಲ್ದೂರಿನಿಂದ ಬಸ್ಸಿಗೆ ಬಂದು ಹೋಗುತ್ತೇನೆ. ವರ್ಷದ ಹೆಚ್ಚಿನ ದಿನ ನಮ್ಮಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ತಗಡು, ಡ್ರೈಯರಿನ ಬಿಡಿಭಾಗ ಇಂಥವೇ ತಯಾರಾಗುತ್ತವೆ. ಆ ಗಾಡಿಯ ಅಚ್ಚುಗಳು ನಮಗೆ ಬಂದದ್ದು ಗಾಡಿಯ ತಯಾರಿಕೆಯೇ ನಿಂತ ಮೇಲೆ.

ಒಂದು ಮಾಡೆಲ್ ನಿಂತುಹೋದರೆ ಅದರ ಅಚ್ಚುಗಳು ಏನಾಗುತ್ತವೆ ಎಂದು ಹೊರಗಿನವರು ಯಾರೂ ಕೇಳುವುದಿಲ್ಲ. ಕೆಲವನ್ನು ತಿದ್ದಿ ಹೊಸ ಮಾಡೆಲ್ಲಿಗೆ ಬಳಸುತ್ತಾರೆ. ಕೆಲವು ಬೇರೆ ದೇಶಕ್ಕೆ ಮಾರಾಟವಾಗಿ ಅಲ್ಲಿ ಅದೇ ಗಾಡಿ ಇನ್ನೊಂದು ಹೆಸರಿನಲ್ಲಿ ಓಡುತ್ತದೆ. ಉಳಿದವನ್ನು ರಿಪೇರಿಗೆ ಬೇಕಾಗುವ ಬಿಡಿಭಾಗಗಳಿಗಾಗಿ ಕೆಲವು ವರ್ಷ ಇಟ್ಟುಕೊಳ್ಳಬೇಕು. ದೊಡ್ಡ ಕಾರ್ಖಾನೆಗಳಿಗೆ ಜಾಗದ ತಾಪತ್ರಯ. ವರ್ಷಕ್ಕೊಮ್ಮೆ ಇನ್ನೂರು ಮುನ್ನೂರು ತುಂಡು ಒತ್ತಲು ಅವರ ಪ್ರೆಸ್ಸುಗಳಿಗೆ ಬಿಡುವಿಲ್ಲ. ಹಾಗಾಗಿ ಅವು ನಮ್ಮಂಥ ಸಣ್ಣ ಶೆಡ್ಡುಗಳಿಗೆ ಬರುತ್ತವೆ. ಪ್ರತಿ ಅಚ್ಚಿನ ಪಕ್ಕೆಯಲ್ಲೂ ಕಂಪನಿಯ ಆಸ್ತಿ ಎಂದು ಕೊರೆದ ಒಂದು ಹಿತ್ತಾಳೆಯ ಪಟ್ಟಿ ಇರುತ್ತದೆ. ಅಚ್ಚು ನಮ್ಮಲ್ಲಿದ್ದರೂ ಅದು ನಮ್ಮದಲ್ಲ. ಕೊನೆಗೊಂದು ದಿನ ಪತ್ರ ಬರುತ್ತದೆ: ಇಷ್ಟಿಷ್ಟು ತುಂಡು ಕಡೆಯ ಬಾರಿಗೆ ಒತ್ತಿ ಕಳಿಸಿ, ಆಮೇಲೆ ಅಚ್ಚನ್ನು ಮತ್ತೆ ಬಳಸಲಾಗದಂತೆ ಕತ್ತರಿಸಿ, ಕತ್ತರಿಸುವ ಮುಂಚಿನ ಮತ್ತು ಆಮೇಲಿನ ಫೋಟೋ ತೆಗೆದು, ಹಿತ್ತಾಳೆಯ ಪಟ್ಟಿ ವಾಪಸು ಕೊಡಿ. ಡೂಪ್ಲಿಕೇಟ್ ಮಾಡುವವರ ಕೈಗೆ ಅಚ್ಚು ಸಿಗಬಾರದೆಂದು ಈ ಏರ್ಪಾಡು. ಕತ್ತರಿಸುವಾಗ ಕಂಪನಿಯ ಒಬ್ಬ ಅಧಿಕಾರಿ ಎದುರಿಗೆ ಇರುತ್ತಾರೆ. ಕೊನೆಯ ಅಚ್ಚಿಗಾಗಿ ಅವರು ಮತ್ತೆ ಬರುವ ದಿನ ಶುಕ್ರವಾರ ಎಂದು ನಮಗೆ ಗೊತ್ತಾಗಿತ್ತು.

ಕೊನೆಯ ಅಚ್ಚು ಸ್ಪ್ರಿಂಗ್ ಹ್ಯಾಂಗರ್ ಬ್ರಾಕೆಟಿನದು. ಜೀಪಿನ ಮುಂದಿನ ಸ್ಪ್ರಿಂಗ್ ಪ್ಲೇಟುಗಳ ಒಂದು ತುದಿಯನ್ನು ಚಾಸಿಗೆ ಹಿಡಿದಿಡುವ ತುಂಡು ಅದು. ಐದು ಮಿಲಿಮೀಟರ್ ದಪ್ಪದ ತಗಡನ್ನು ಕತ್ತರಿಸಿ, ತೂತು ಹೊಡೆದು, ತೊಟ್ಟಿಯ ಆಕಾರಕ್ಕೆ ಬಗ್ಗಿಸಿದರೆ ಬ್ರಾಕೆಟ್ ಆಗುತ್ತದೆ. ಅದು ಮುರಿದರೆ ಆ ಕಡೆಯ ಚಕ್ರ ಹಿಂದಕ್ಕೆ ಸರಿದು ಸ್ಟೇರಿಂಗ್ ಕೈಗೆ ಸಿಗುವುದಿಲ್ಲ. ಆ ವಾರದ ಹೊತ್ತಿಗೆ ಕಡೆಯ ಲಾಟಿನ ಮುನ್ನೂರು ಬ್ರಾಕೆಟ್ ಒತ್ತಿ ಮುಗಿದು ಡಬ್ಬಗಳಲ್ಲಿ ತುಂಬಿದ್ದವು. ನಾನು ಅಳೆದು ನೋಡಿದ್ದೆ. ಸಹಿಯೊಂದು ಬಾಕಿ ಇತ್ತು.

ಸೋಮವಾರ ಹನ್ನೊಂದರ ಸುಮಾರಿಗೆ ಕಳಸದಿಂದ ಒಬ್ಬ ಮೆಕ್ಯಾನಿಕ್ ಬಂದರು. ಐವತ್ತೈದು ದಾಟಿದ ಸಾಹೇಬರು, ತಲೆಗೆ ಬಿಳಿ ಟೋಪಿ, ಕೈಯಲ್ಲಿ ಬಟ್ಟೆಯ ಚೀಲ. ಜೀಪುಗಳ ಕೆಲಸದಲ್ಲೇ ಮೂವತ್ತು ವರ್ಷ ಕಳೆದವರಂತೆ. ಮಾಲೀಕರು ಇರಲಿಲ್ಲ. ವಾಚ್‌ಮನ್ ಅವರನ್ನು ನನ್ನ ಮೇಜಿನ ಹತ್ತಿರ ಕಳಿಸಿದ.

"ಇದನ್ನೊಂದು ನೋಡಿ ಹೇಳ್ಬೇಕಿತ್ತು ಮೇಡಂ. ಅಸಲಿಯಾ, ಡೂಪ್ಲಿಕೇಟಾ? ಅಷ್ಟೇ ಸಾಕು ನಂಗೆ" ಎಂದು ಚೀಲದಿಂದ ಹಳೆ ಪೇಪರಿನಲ್ಲಿ ಸುತ್ತಿದ್ದ ವಸ್ತುವನ್ನು ತೆಗೆದು ಮೇಜಿನ ಮೇಲಿಟ್ಟರು.

ಎರಡು ತುಂಡಾಗಿದ್ದ ಹ್ಯಾಂಗರ್ ಬ್ರಾಕೆಟ್. ಬಗ್ಗಿಸಿದ ಮೂಲೆಯಲ್ಲೇ ಉದ್ದಕ್ಕೂ ಬಿಟ್ಟುಕೊಂಡಿತ್ತು.

ಕಳಸದ ಮೇಲಿನ ಒಂದು ಎಸ್ಟೇಟಿನಲ್ಲಿ ಕಾಫಿ ಹಣ್ಣು ಕೊಯ್ಯುವ ಹೆಂಗಸರನ್ನು ಕರೆದೊಯ್ಯುತ್ತಿದ್ದ ಜೀಪು ಇಳಿಜಾರಿನಲ್ಲಿ ಹಿಡಿತ ತಪ್ಪಿತ್ತು. ಒಂದು ಬದಿ ಗುಡ್ಡ ಕಡಿದ ಧರೆ, ಇನ್ನೊಂದು ಬದಿ ಹಳ್ಳ. ಡ್ರೈವರ್ ಹೇಗೋ ಮಾಡಿ ಧರೆಗೆ ಗುದ್ದಿಸಿ ನಿಲ್ಲಿಸಿದ್ದ. ಹಿಂದೆ ಕೂತಿದ್ದ ಒಬ್ಬ ಹೆಂಗಸಿನ ಕಾಲು ಮುರಿದಿತ್ತು. ಉಳಿದವರಿಗೆ ತರಚು ಗಾಯ.

"ಅದಕ್ಕೆ ಎರಡು ತಿಂಗ್ಳು ಮುಂಚೆ ನಾನೇ ಇದನ್ನ ಹಾಕಿದ್ದು. ಕಂಪ್ನಿ ಪ್ಯಾಕೆಟ್ಟು ಒಡ್ದು ಹಾಕಿದ್ದು. ಈಗ ಸಾವ್ಕಾರ್ರು, ನೀನು ಡೂಪ್ಲಿಕೇಟ್ ಹಾಕಿದ್ದಿ, ಜನರ ಜೀವದ ಮೇಲೆ ಆಟ ಆಡಿದ್ದಿ ಅಂತ ಎಲ್ಲರ ಎದ್ರಿಗೆ ಹೇಳಿದ್ರು. ಬೇರೆ ತೋಟದವ್ರೂ ಗಾಡಿ ತರದು ಬಿಟ್ರು. ಪ್ಯಾಕೆಟ್ ನಾನು ಎತ್ತಿಟ್ಟಿಲ್ಲ. ಯಾರು ಎತ್ತಿಡ್ತಾರೆ ಹೇಳಿ? ಇಲ್ಲಿ ತಯಾರಾಗೋದು ಅಂತ ಅಂಗಡಿಯವ್ರು ಹೇಳಿದ್ರು, ಅದಕ್ಕೆ ಬಂದೆ."

ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ನಮ್ಮ ಮಾಲು ಗಟ್ಟಿ ಎಂಬ ನಂಬಿಕೆಯಿಂದಲೇ ಬಂದಿದ್ದರು. ಇದು ಡೂಪ್ಲಿಕೇಟ್ ಎಂದು ನಾನು ಹೇಳಿದ್ದರೆ, ಅಂಗಡಿಯವನು ತನಗೆ ಮೋಸ ಮಾಡಿದ ಎಂದುಕೊಂಡು ಹೋಗುತ್ತಿದ್ದರೇನೋ.

ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ಮಣ್ಣು ಒರೆಸಿದೆ. ನಮ್ಮ ಕಾರ್ಖಾನೆಯ ಎರಡಕ್ಷರದ ಗುರುತು ಸ್ಪಷ್ಟವಾಗಿತ್ತು. ಪಕ್ಕದಲ್ಲಿ ತಯಾರಾದ ತಿಂಗಳು, ವರ್ಷ. ಹಿಂದಿನ ವರ್ಷ ಹೋದ ಲಾಟು ಅದು. ಆ ಲಾಟಿನ ತಪಾಸಣಾ ಪತ್ರಕ್ಕೆ ಸಹಿ ಮಾಡಿದವಳು ನಾನು.

"ಇದು ನಮ್ಮದೇ ಸಾಬ್ರೇ. ಅಸಲಿ" ಎಂದೆ.

ಅವರು ಉಸಿರು ಬಿಟ್ಟರು. "ಅಲ್ವಾ? ನಾ ಹೇಳಿದ್ದೆ" ಎಂದರು. ಒಂದು ಗಳಿಗೆ ಬಿಟ್ಟು ಅವರಿಗೆ ಅದರ ಇನ್ನೊಂದು ಅರ್ಥ ಹೊಳೆಯಿತು. ಬ್ರಾಕೆಟಿನ ಕಡೆ, ನನ್ನ ಕಡೆ ನೋಡಿ, "ಮತ್ತೆ ಯಾಕೆ ಮುರೀತು?" ಎಂದು ಕೇಳಿದರು.

"ಗೊತ್ತಿಲ್ಲ. ನೋಡ್ತೀನಿ. ಈ ತುಂಡು ನನ್ನ ಹತ್ರ ಇರಲಿ. ನಿಮ್ಮ ನಂಬರ್ ಕೊಟ್ಟು ಹೋಗಿ."

ಅವರು ಹೋದ ಮೇಲೆ ಡಬ್ಬಗಳಿಂದ ಹತ್ತು ಹೊಸ ಬ್ರಾಕೆಟ್ ಆರಿಸಿ ತಂದೆ. ಬಿರುಕು ಪತ್ತೆ ಹಚ್ಚುವ ಒಂದು ಸರಳ ವಿಧಾನವಿದೆ. ತುಂಡನ್ನು ತೊಳೆದು ಒಣಗಿಸಿ, ಕೆಂಪು ದ್ರವ ಹಚ್ಚಿ ಹತ್ತು ಹದಿನೈದು ನಿಮಿಷ ಬಿಡಬೇಕು. ಕಣ್ಣಿಗೆ ಕಾಣದ ಸೀಳಿದ್ದರೂ ದ್ರವ ಅದರೊಳಗೆ ಇಳಿಯುತ್ತದೆ. ಮೇಲಿನದನ್ನು ಪೂರ್ತಿ ಒರೆಸಿ ಬಿಳಿ ಪುಡಿಯ ಸ್ಪ್ರೇ ಹೊಡೆದರೆ, ಸೀಳಿನೊಳಗಿನ ಕೆಂಪು ಮೇಲೆದ್ದು ಬರುತ್ತದೆ. ನಮ್ಮ ತಪಾಸಣಾ ಪಟ್ಟಿಯಲ್ಲಿ ಈ ಪರೀಕ್ಷೆ ಇರಲಿಲ್ಲ. ತೂತುಗಳ ಅಂತರ, ಅಗಲ, ಎತ್ತರ ಅಳೆದರೆ ಮುಗಿಯುತ್ತಿತ್ತು. ಬೇರೊಂದು ಕೆಲಸಕ್ಕೆ ತಂದ ಡಬ್ಬಿಗಳು ಬೀರುವಿನಲ್ಲಿ ಇದ್ದವು.

ಹತ್ತರಲ್ಲಿ ಏಳರ ಮೂಲೆಯ ಮೇಲೆ ಕೂದಲೆಳೆಯಂಥ ಕೆಂಪು ಗೆರೆ ಬಂತು. ಎಲ್ಲವೂ ಒಂದೇ ಬದಿಯ ಮೂಲೆಯಲ್ಲಿ.

ಆ ಅಚ್ಚಿನ ಕಾರ್ಡು ತೆಗೆದೆ. ಪ್ರತಿ ಅಚ್ಚಿಗೂ ಒಂದು ಕಾರ್ಡು ಇರುತ್ತದೆ, ರೋಗಿಯ ಚೀಟಿಯ ಹಾಗೆ. ಯಾವಾಗ ಎಷ್ಟು ತುಂಡು ಒತ್ತಿತು, ಏನು ಕೆಟ್ಟಿತು, ಏನು ಮಾಡಿದರು ಎಲ್ಲ ಅದರಲ್ಲಿ. ಹಿಂದಿನ ಲಾಟಿಗೆ ಮೊದಲು ಒಂದು ಸಾಲು: 'ಪಂಚಿನ ಎಡಮೂಲೆ ಚಕ್ಕೆ ಎದ್ದಿದೆ. ವೆಲ್ಡ್ ತುಂಬಿ ಉಜ್ಜಲಾಗಿದೆ.' ಅಕ್ಷರ ನನ್ನದು. ಉಜ್ಜಿದ ಮೇಲೆ ಮೂಲೆಯ ದುಂಡು ಎಷ್ಟಿದೆ ಎಂದು ಅಳೆದ ದಾಖಲೆ ಇರಲಿಲ್ಲ. ಅಳೆದಿದ್ದರೆ ಬರೆಯುತ್ತಿದ್ದೆ.

ಪಂಚ್ ಎಂದರೆ ಅಚ್ಚಿನ ಮೇಲ್ಭಾಗ, ತಗಡನ್ನು ಕೆಳಗೆ ಒತ್ತಿ ಬಗ್ಗಿಸುವ ಉಕ್ಕಿನ ಗಟ್ಟಿ. ಅದರ ಮೂಲೆ ಎಂಟು ಮಿಲಿಮೀಟರಿನಷ್ಟು ದುಂಡಗಿರಬೇಕು. ಅದಕ್ಕಿಂತ ಚೂಪಾದರೆ ತಗಡು ಥಟ್ಟನೆ ಮಡಚಿಕೊಂಡು ಹೊರಮೈ ಹಿಗ್ಗಿ ಸೀಳುತ್ತದೆ. ದುಂಡು ಅಳೆಯುವ ಗೇಜನ್ನು ಎಡಮೂಲೆಗೆ ಇಟ್ಟು ನೋಡಿದೆ. ಮೂರು ಕೂಡ ಪೂರ್ತಿ ಇರಲಿಲ್ಲ.

ನಮ್ಮ ಹಿರಿಯ ಫಿಟ್ಟರ್ ಪಕ್ಕದಲ್ಲಿ ಬಂದು ನಿಂತಿದ್ದರು. ವಸ್ತಾರೆಯವರು, ನಿವೃತ್ತಿಯ ವಯಸ್ಸು ದಾಟಿದರೂ ಕೆಲಸ ಬಿಡದವರು. ಗೇಜನ್ನು ನನ್ನ ಕೈಯಿಂದ ಇಸಕೊಂಡು ತಾವೇ ಇಟ್ಟು ನೋಡಿದರು.

"ನಾನೇ ಉಜ್ಜಿದ್ದು ಮಾರಾಯ್ತಿ. ಕಣ್ಣಳತೆ ಮೇಲೆ ಉಜ್ದೆ. ಅವತ್ತು ಲಾರಿ ಹೊರಗೆ ಕಾಯ್ತಾ ಇತ್ತು."

"ನಾನೂ ಅಳೀಲಿಲ್ಲ ಅಣ್ಣ."

ಅವರು ಗೇಜನ್ನು ಕೆಳಗಿಟ್ಟು ಹೋಗಿ ಬ್ರಾಕೆಟಿನ ಡಬ್ಬಗಳನ್ನೆಲ್ಲ ಕಳಿಸುವ ಜಾಗದಿಂದ ತೆಗೆಸಿ ಒಳಗಿನ ಗೋಡೆಯ ಹತ್ತಿರ ಇಡಿಸಿದರು.

ಮಾಲೀಕರು ಮಧ್ಯಾಹ್ನ ಬಂದರು. ಕೆಂಪು ಗೆರೆಯ ಬ್ರಾಕೆಟ್‌ಗಳನ್ನು ಅವರ ಮೇಜಿನ ಮೇಲೆ ಸಾಲಾಗಿ ಇಟ್ಟು, ಕಳಸದ ತುಂಡನ್ನು ಕೊನೆಗೆ ಇಟ್ಟೆ. ವಿಷಯ ಪೂರ್ತಿ ಕೇಳಿದರು.

"ಅಂದ್ರೆ ಹಿಂದಿನ ಲಾಟೂ ಇದೇ ಥರ."

"ಹೌದು ಸಾರ್. ಪಂಚ್ ಸರಿ ಮಾಡ್ಬೇಕು. ಈ ಮುನ್ನೂರನ್ನೂ ಬಿಟ್ಟು ಹೊಸದಾಗಿ ಒತ್ತಬೇಕು. ಹಿಂದಿನ ಲಾಟಿನ ವಿಷಯ ಕಂಪನಿಗೆ ಬರೀಬೇಕು."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಶುಕ್ರವಾರ ಕತ್ತರಿಸೋ ಅಚ್ಚಿಗೆ ಯಾರಾದ್ರೂ ರಿಪೇರಿ ಮಾಡ್ತಾರೇನಮ್ಮ? ಕಂಪನಿಗೆ ಬರೆದ್ರೆ ನಾಳೆಯಿಂದ ಅವರು ನಮ್ಗೆ ಒಂದು ವಾಷರ್ ಕೂಡ ಒತ್ತಕ್ಕೆ ಕೊಡಲ್ಲ. ಇಲ್ಲಿ ಇಪ್ಪತ್ತೆರಡು ಜನ ಇದ್ದಾರೆ."

ಅವರು ಕೆಟ್ಟವರಲ್ಲ. ಆ ಇಪ್ಪತ್ತೆರಡು ಜನರಲ್ಲಿ ನಾನೂ ಒಬ್ಬಳು. ಅವರ ಮಾತು ಸುಳ್ಳು ಎಂದು ಹೇಳಲು ನನ್ನ ಬಳಿ ಏನೂ ಇರಲಿಲ್ಲ.

"ಈ ಲಾಟಿಗೆ ನಾನು ಸಹಿ ಹಾಕಲ್ಲ ಸಾರ್. ಬೇರೆ ಯಾರ ಹತ್ರ ಆದ್ರೂ ಹಾಕಿಸಿದ್ರೆ, ಈ ಗೆರೆಗಳ ಫೋಟೋ ನಾನೇ ಕಳಿಸ್ತೀನಿ" ಎಂದೆ. ಹದಿನೇಳು ವರ್ಷದಲ್ಲಿ ಅವರ ಎದುರು ಹಾಗೆ ಮಾತಾಡಿದ್ದು ಅದೇ ಮೊದಲು.

ಅವರು ಮುರಿದ ತುಂಡನ್ನು ಎತ್ತಿ ಒಡೆದ ಅಂಚಿನ ಮೇಲೆ ಬೆರಳಾಡಿಸಿದರು. ಆಮೇಲೆ, "ಆ ಹೆಂಗಸಿಗೆ ಎಷ್ಟು ವಯಸ್ಸಂತೆ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಮೆಕ್ಯಾನಿಕ್‌ಗೆ ನಾನು ಅದನ್ನು ಕೇಳಿಯೇ ಇರಲಿಲ್ಲ.

"ತಗಡು ಎಷ್ಟಿದೆ ನೋಡಿ" ಎಂದು ಎದ್ದರು. ಅದೇ ಅವರ ಒಪ್ಪಿಗೆ.

ತಗಡು ಬಹಳ ಇರಲಿಲ್ಲ. ಉಳಿದದ್ದು, ಊರಿನಲ್ಲಿ ಸಿಕ್ಕಿದ್ದು ಎಲ್ಲ ಸೇರಿ ನೂರ ಎಂಬತ್ತು ಬ್ರಾಕೆಟ್‌ಗೆ ಸಾಲುವಷ್ಟು. ಅದೇ ದರ್ಜೆಯ ತಗಡು ಬೆಂಗಳೂರಿನಿಂದ ತರಿಸಲು ಒಂದು ವಾರ ಬೇಕು. ಸಿಕ್ಕಷ್ಟರಲ್ಲಿ ಮಾಡೋಣ ಎಂದಾಯಿತು.

ಮಂಗಳವಾರ ಪಂಚನ್ನು ಬಿಚ್ಚಿ ಇಳಿಸಿದೆವು. ಮೂಲೆಯನ್ನು ಇನ್ನಷ್ಟು ದುಂಡಗೆ ಉಜ್ಜಿದರೆ ಸಾಕು, ಅರ್ಧ ದಿನದ ಕೆಲಸ ಎಂದು ಫಿಟ್ಟರ್ ಅಂದಾಜು ಮಾಡಿದ್ದರು. ಮಧ್ಯಾಹ್ನದ ಹೊತ್ತಿಗೆ ಗೇಜಿಗೆ ಸರಿಹೋಗುವ ದುಂಡು ಬಂತು. ಪ್ರೆಸ್ಸಿಗೆ ಏರಿಸಿ ಎರಡು ತುಂಡು ಒತ್ತಿದೆವು. ಮೂರನೆಯದಕ್ಕೆ ಬೇರೆ ಥರದ ಸದ್ದು ಬಂತು. ನಿಲ್ಲಿಸಿ ನೋಡಿದರೆ ಎಡಮೂಲೆಯಲ್ಲಿ ಹೆಬ್ಬೆರಳಿನ ಗಾತ್ರದ ಚೂರು ಕಿತ್ತು ಬಂದು ಕೆಳಗಿನ ಅಚ್ಚಿನೊಳಗೆ ಬಿದ್ದಿತ್ತು. ಹಳೆಯ ವೆಲ್ಡು ಒಳಗೆಲ್ಲ ಜೇನುಗೂಡಿನ ಹಾಗೆ ತೂತು. ಮೇಲಿನ ಪದರ ಅಷ್ಟು ದಿನ ಅದನ್ನು ಮುಚ್ಚಿಟ್ಟಿತ್ತು. ನಾವು ಆ ಪದರವನ್ನೇ ಉಜ್ಜಿ ತೆಗೆದಿದ್ದೆವು.

ಫಿಟ್ಟರ್ ಚೂರನ್ನು ಅಂಗೈಯಲ್ಲಿಟ್ಟುಕೊಂಡು ಕೂತುಬಿಟ್ಟರು. "ಇದೂ ನನ್ನದೇ ಕೈ ಕೆಲ್ಸ" ಎಂದರು.

ಹಳೆಯ ವೆಲ್ಡನ್ನು ಬುಡದವರೆಗೂ ತೆಗೆದು ಮತ್ತೆ ತುಂಬಬೇಕಾಯಿತು. ಅಚ್ಚುಗಳಿಗೆ ಬಳಸುವ ಟೂಲ್ ಸ್ಟೀಲಿಗೆ ತಣ್ಣಗಿರುವಾಗ ವೆಲ್ಡ್ ಮಾಡಿದರೆ ಅದು ಸಿಡಿಯುತ್ತದೆ. ಮೊದಲು ಇಡೀ ಗಟ್ಟಿಯನ್ನು ಸಮನಾಗಿ ಬಿಸಿ ಮಾಡಬೇಕು, ವೆಲ್ಡ್ ಮುಗಿಯುವವರೆಗೂ ಆ ಬಿಸಿ ಕಾಯ್ದುಕೊಳ್ಳಬೇಕು, ಆಮೇಲೆ ಬಹಳ ನಿಧಾನವಾಗಿ ತಣಿಸಬೇಕು. ಹಿಂದಿನ ಸಲ ಲಾರಿ ಕಾಯುತ್ತಿದ್ದಾಗ ಈ ಮೂರನ್ನೂ ಅರ್ಧಂಬರ್ಧ ಮಾಡಿದ್ದರು. ನಮ್ಮಲ್ಲಿ ಕುಲುಮೆ ಇಲ್ಲ. ತಣಿಸುವುದೇ ದೊಡ್ಡ ಸಮಸ್ಯೆ. ಹೊರಗೆ ಬಿಟ್ಟರೆ ಡಿಸೆಂಬರಿನ ಗಾಳಿಗೆ ಬೇಗ ತಣಿಯುತ್ತದೆ.

ಬುಧವಾರ ಬೆಳಿಗ್ಗೆ ಫಿಟ್ಟರ್ ಮಾಲೀಕರ ಪಿಕಪ್ ತೆಗೆದುಕೊಂಡು ಹೋಗಿ ಪರಿಚಯದ ಕಾಫಿ ಕ್ಯೂರಿಂಗ್ ವರ್ಕ್ಸ್‌ನಿಂದ ಎರಡು ಡ್ರಮ್ ಬೂದಿ ತಂದರು. ಕಾಫಿ ಹೊಟ್ಟು ಉರಿಸಿದ ಬಾಯ್ಲರಿನ ಬೂದಿ, ಇನ್ನೂ ಬಿಸಿಯಾಗಿತ್ತು. "ನಮ್ಮಪ್ಪ ಕತ್ತಿ ಹದ ಮಾಡುವಾಗ ಬೂದಿಲೇ ಹೂಳ್ತಿದ್ದ" ಎಂದರು. ಅವರ ತಂದೆ ಕಮ್ಮಾರರಾಗಿದ್ದರು ಎಂಬುದು ನನಗೆ ಗೊತ್ತಾದದ್ದು ಆಗ.

ಗ್ಯಾಸಿನ ಉರಿಯಲ್ಲಿ ಪಂಚನ್ನು ಎರಡು ಗಂಟೆ ಬಿಸಿ ಮಾಡಿದರು. ಬಿಸಿ ಎಷ್ಟೆಂದು ತೋರಿಸುವ ಬಳಪದಿಂದ ನಾನು ನಾಲ್ಕೂ ಮೈಯಲ್ಲಿ ಗೀಚುತ್ತ ಇದ್ದೆ. ಬಳಪದ ಗೆರೆ ಕರಗಿ ಹರಿದರೆ ಬಿಸಿ ಸಾಕು ಎಂದರ್ಥ. ಒಂದು ಮೂಲೆಯಲ್ಲಿ ಕರಗದಿದ್ದರೂ ಅವರು ವೆಲ್ಡ್ ಶುರು ಮಾಡಲಿಲ್ಲ. ಒಂದೊಂದೇ ಚಿಕ್ಕ ಸಾಲು ತುಂಬಿ, ಸುತ್ತಿಗೆಯಿಂದ ಹಗುರವಾಗಿ ಬಡಿದು, ಕಿಟ್ಟ ಕೆರೆದು, ಮತ್ತೆ ಬಿಸಿ ನೋಡಿ ಇನ್ನೊಂದು ಸಾಲು. ಮಧ್ಯಾಹ್ನದ ಊಟವನ್ನು ಅವರು ಮಾಡಲಿಲ್ಲ. ನಾಲ್ಕು ಗಂಟೆಗೆ ಪಂಚನ್ನು ಬೂದಿಯ ಡ್ರಮ್ಮಿನಲ್ಲಿ ಹೂತು, ಮೇಲೆ ಇನ್ನೊಂದು ಡ್ರಮ್ಮಿನ ಬೂದಿ ಸುರಿದು ಗೋಣಿ ಹೊದಿಸಿದೆವು. ಅದೇ ಸಂಜೆ ಮಾಲೀಕರ ಎದುರು ಕೂತು ಹಿಂದಿನ ಲಾಟಿನ ಬಗ್ಗೆ ಕಂಪನಿಗೆ ಪತ್ರ ಬರೆದೆ. ಒಂದು ಸಾಲನ್ನು ಮೆತ್ತಗೆ ಮಾಡಲು ಅವರು ನೋಡಿದರು, ಆಮೇಲೆ ತಾವೇ ಆ ತಿದ್ದುಪಡಿಯನ್ನು ಹೊಡೆದುಹಾಕಿ, ಇದ್ದ ಹಾಗೇ ಇಮೇಲ್ ಮಾಡಿ ಎಂದರು.

ಗುರುವಾರ ಬೆಳಿಗ್ಗೆ ಪಂಚನ್ನು ಹೊರತೆಗೆದಾಗ ಅದು ಕೈ ಇಡಬಹುದಾದಷ್ಟು ಬೆಚ್ಚಗಿತ್ತು. ಕೆಂಪು ದ್ರವದ ಪರೀಕ್ಷೆಯನ್ನು ಮೊದಲು ಪಂಚಿನ ಮೇಲೇ ಮಾಡಿದೆ. ಗೆರೆ ಬರಲಿಲ್ಲ. ದಿನವೆಲ್ಲ ಉಜ್ಜುವ ಕೆಲಸ. ಫಿಟ್ಟರ್ ಪ್ರತಿ ಹತ್ತು ನಿಮಿಷಕ್ಕೊಮ್ಮೆ ನನ್ನನ್ನು ಕರೆದು ಗೇಜು ಇಡಿಸುತ್ತಿದ್ದರು. ಅವರ ಕಣ್ಣಳತೆ ತಪ್ಪುವುದು ಅಪರೂಪ, ಆದರೂ ಅವತ್ತು ಒಮ್ಮೆಯೂ ಅದನ್ನು ನೆಚ್ಚಲಿಲ್ಲ. ಸಂಜೆಯ ಹೊತ್ತಿಗೆ ಎರಡೂ ಮೂಲೆ ಎಂಟಕ್ಕೆ ಸರಿಯಾಗಿ ಬಂದವು. ಹತ್ತು ತುಂಡು ಒತ್ತಿ ಬಣ್ಣ ಹಚ್ಚಿ ಬಿಳಿ ಪುಡಿ ಹೊಡೆದೆ. ಎಲ್ಲರೂ ಸುತ್ತ ನಿಂತಿದ್ದರು. ಹತ್ತೂ ಬೆಳ್ಳಗೇ ಉಳಿದವು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಪ್ರೆಸ್ಸಿನ ಕೆಲಸದವನೊಬ್ಬ, "ಈಗ ಚೆನ್ನಾಗಾಯ್ತು ನೋಡಿ, ಕತ್ತರಿಸಕ್ಕೆ" ಎಂದ. ಅವನು ತಮಾಷೆಗೆ ಅಂದದ್ದಲ್ಲ.

ಶುಕ್ರವಾರ ಹತ್ತಕ್ಕೆ ಕಂಪನಿಯ ಅಧಿಕಾರಿ ಬಂದರು. ನನಗಿಂತ ಚಿಕ್ಕ ವಯಸ್ಸಿನವರು. ನಮ್ಮ ಪತ್ರ ಅವರ ಕಚೇರಿಗೆ ತಲುಪಿತ್ತು. ಪ್ರೆಸ್ಸು ಓಡುತ್ತಿರುವುದನ್ನು ನೋಡಿ, "ಇವತ್ತು ಕತ್ತರಿಸ್ಬೇಕಿತ್ತಲ್ಲ?" ಎಂದರು. ನಾನು ಅವರನ್ನು ಬಿರುಕಿನ ಬ್ರಾಕೆಟ್‌ಗಳ ಹತ್ತಿರ ಕರೆದುಕೊಂಡು ಹೋಗಿ ಮೊದಲಿನಿಂದ ಹೇಳಿದೆ. ಕಾರ್ಡಿನಲ್ಲಿದ್ದ ನನ್ನ ಅಕ್ಷರವನ್ನೂ ತೋರಿಸಿದೆ.

ಅವರು ಹೊರಗೆ ಹೋಗಿ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದರು. ಒಳಗೆ ಬಂದವರು ಹೇಳಿದ್ದಿಷ್ಟೇ: "ನಾಳೆ ಸಂಜೆ ಐದು ಗಂಟೆವರೆಗೆ. ಅದರ ಮೇಲೆ ನನ್ನ ಕೈಯಲ್ಲಿಲ್ಲ." ಆಮೇಲೆ ಶರ್ಟಿನ ತೋಳು ಮಡಚಿ, "ಆ ಸ್ಪ್ರೇ ಹೊಡೆಯೋದು ಹೇಗೆ ತೋರಿಸಿ" ಎಂದರು. ಎರಡು ದಿನವೂ ಬಣ್ಣ ಒರೆಸುವ ಕೆಲಸಕ್ಕೆ ನನ್ನ ಪಕ್ಕದಲ್ಲೇ ಕೂತರು. ಒಂದೊಂದು ಬ್ರಾಕೆಟನ್ನೂ ಪರೀಕ್ಷಿಸಿದೆವು. ನೂರ ಎಂಬತ್ತರಲ್ಲಿ ಆರನ್ನು ತೂತಿನ ಅಂಚು ಹರಿದಿದ್ದಕ್ಕೆ ತೆಗೆದಿಟ್ಟೆ. ಮೂಲೆಯಲ್ಲಿ ಒಂದಕ್ಕೂ ಗೆರೆ ಇರಲಿಲ್ಲ. ಬಿರುಕಿದ್ದ ಮುನ್ನೂರನ್ನು ಅದೇ ಪ್ರೆಸ್ಸಿನ ಕೆಳಗಿಟ್ಟು ಚಪ್ಪಟೆ ಮಾಡಿದೆವು.

ಶನಿವಾರ ಮಧ್ಯಾಹ್ನ ಫಿಟ್ಟರ್ ನನ್ನನ್ನು ಬದಿಗೆ ಕರೆದರು. "ಮೊದ್ಲು ಕತ್ತರಿಸಿದ ಬೇರೆ ಪಂಚಿನ ತುಂಡುಗಳು ಬೇಕಾದಷ್ಟು ಬಿದ್ದಾವೆ. ಇದನ್ನ ಇಟ್ಕಂಡು ಅದನ್ನ ತೋರಿಸಿದ್ರೆ ಯಾರಿಗೆ ಗೊತ್ತಾಗ್ತದೆ? ಕಳಸದಲ್ಲಿ ಇನ್ನೂ ಹತ್ತು ವರ್ಷ ಆ ಜೀಪು ಓಡ್ತವೆ ಮಾರಾಯ್ತಿ."

ನನಗೂ ಆಸೆಯಾಗಲಿಲ್ಲ ಎಂದರೆ ಸುಳ್ಳು. ಆದರೆ ಯಾವ ಲೆಕ್ಕಕ್ಕೂ ಸಿಗದ ಅಚ್ಚಿನಿಂದ ತಯಾರಾದದ್ದನ್ನು ಯಾರು ಪರೀಕ್ಷಿಸುತ್ತಾರೆ? ಮುಂದೊಮ್ಮೆ ಅದು ಚಕ್ಕೆ ಎದ್ದರೆ ಕಾರ್ಡಿನಲ್ಲಿ ಯಾರು ಬರೆಯುತ್ತಾರೆ? "ಬೇಡ ಅಣ್ಣ" ಎಂದೆ. ಅವರು ಮತ್ತೆ ಒತ್ತಾಯ ಮಾಡಲಿಲ್ಲ.

ಐದು ಗಂಟೆಗೆ ಹಿತ್ತಾಳೆಯ ಪಟ್ಟಿಯ ನಾಲ್ಕು ಸ್ಕ್ರೂ ಬಿಚ್ಚಿದೆ. ಉಳಿದ ಹದಿನೆಂಟನ್ನು ಗುಜರಿಯವರ ಕಡೆಯವನು ಗ್ಯಾಸ್ ಕಟರ್‌ನಿಂದ ಕತ್ತರಿಸಿದ್ದ. ಇದನ್ನು ಮಾತ್ರ ಫಿಟ್ಟರ್ ತಾವೇ ಮಾಡುತ್ತೇನೆ ಎಂದರು. ಕತ್ತರಿಸುವ ಮುಂಚೆ ಬಟ್ಟೆಯಲ್ಲಿ ಪಂಚನ್ನು ಪೂರ್ತಿ ಒರೆಸಿದರು. ಎಣ್ಣೆ ಇದ್ದರೆ ಹೊಗೆಯಾಗುತ್ತದೆ, ಅದಕ್ಕೆ ಎಂದರು. ಅಧಿಕಾರಿ ಫೋಟೋ ತೆಗೆದರು. ಉರಿ ಹತ್ತಿ, ನೀಲಿಯ ಮೊನೆ ಎಡಮೂಲೆಯಿಂದ ಶುರುವಾಗಿ ಓರೆಯಾಗಿ ಕೆಳಗೆ ಇಳಿಯಿತು. ಇಪ್ಪತ್ತೈದು ನಿಮಿಷ ಹಿಡಿಯಿತು. ಎರಡು ಭಾಗ ನೆಲಕ್ಕೆ ಬಿದ್ದಾಗ ಮಾಲೀಕರು ಶೆಡ್ಡಿನಿಂದ ಹೊರಗೆ ಹೋದರು.

ಮುಂದಿನ ಭಾನುವಾರ ನಾನು ಕಳಸಕ್ಕೆ ಹೋದೆ. ಕಾರ್ಖಾನೆಯ ಕಾಗದದ ಮೇಲೆ ಮಾಲೀಕರ ಸಹಿ ಇದ್ದ ಪತ್ರ ಕೈಯಲ್ಲಿತ್ತು: ಮುರಿದ ಬ್ರಾಕೆಟ್ ನಮ್ಮ ಕಾರ್ಖಾನೆಯದು, ದೋಷ ತಯಾರಿಕೆಯದು, ಹಾಕಿದವರದ್ದಲ್ಲ. ಮೆಕ್ಯಾನಿಕ್ ಅದನ್ನು ಗ್ಯಾರೇಜಿನ ಬಾಗಿಲಲ್ಲಿ ನಿಂತು ಎರಡು ಸಲ ಓದಿದರು. ತಮ್ಮ ಪರಿಚಯದವರ ಜೀಪು ಮಾಡಿಸಿ ನನ್ನನ್ನು ಎಸ್ಟೇಟಿಗೆ ಕರೆದುಕೊಂಡು ಹೋದರು.

ಸಾಹುಕಾರರು ಪಾರ್ಚ್‌ಮೆಂಟ್ ಕಾಫಿ ಬೀಜ ಒಣಗಿಸುವ ಕಣದಲ್ಲಿದ್ದರು. ಪತ್ರ ಓದಿ ಸ್ವಲ್ಪ ಹೊತ್ತು ಅದನ್ನೇ ಮಡಚುತ್ತ ನಿಂತರು. ಆಮೇಲೆ ಕಣದಲ್ಲಿ ಕೆಲಸ ಮಾಡುತ್ತಿದ್ದವರಿಗೆಲ್ಲ ಕೇಳುವ ಹಾಗೆ, "ಸಾಬ್ರೇ, ನಾನು ಅವತ್ತು ಆಡಿದ ಮಾತು ತಪ್ಪು. ನಾಳೆ ಎರಡೂ ಗಾಡಿ ಕಳಿಸ್ತೀನಿ, ನೋಡಿ" ಎಂದರು. ಮೆಕ್ಯಾನಿಕ್ ತಲೆಯಾಡಿಸಿದರು.

ಕಾಲು ಮುರಿದ ಹೆಂಗಸು ಕೂಲಿಯವರ ಲೈನ್ ಮನೆಯ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದಳು. ಪ್ಲಾಸ್ಟರ್ ಮೊಣಕಾಲಿನ ಮೇಲಿನವರೆಗೂ ಇತ್ತು. ವಯಸ್ಸು ಕೇಳಿದೆ. ಮೂವತ್ತೊಂದು. ಯಾವುದರಿಂದ ಹೀಗಾಯಿತು, ಅದು ಎಲ್ಲಿ ತಯಾರಾಯಿತು, ಯಾರು ನೋಡಿ ಸರಿಯಿದೆ ಎಂದು ಬರೆದುಕೊಟ್ಟರು ಎಲ್ಲ ಹೇಳಿದೆ.

"ನೀವೇ ನೋಡಿದ್ದಾ?"

"ನಾನೇ. ಸರಿಯಾಗಿ ನೋಡ್ಲಿಲ್ಲ."

"ಈಗ ನೋಡಿದ್ರಾ?"

"ಈಗ ಒಂದೊಂದೂ ನೋಡಿದ್ದೀನಿ."

"ಕೊಯ್ಲು ಮುಗಿಯೋಕಿನ್ನೂ ಎರಡು ತಿಂಗ್ಳಿದೆ" ಎಂದಳು ಅವಳು. "ನನ್ನ ಜೊತೆಯವ್ರು ದಿನಾ ಅದ್ರಲ್ಲೇ ಹೋಗ್ತಾರೆ." ಕ್ಷಮಿಸಿದ್ದೇನೆ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಸ್ಪತ್ರೆಯ ಉಳಿದ ಓಡಾಟವನ್ನೂ ಅವಳ ಕೂಲಿಯನ್ನೂ ನಮ್ಮ ಮಾಲೀಕರು ನೋಡಿಕೊಳ್ಳುತ್ತಾರೆಂದು ಬರೆದಿದ್ದ ಕಾಗದವನ್ನು ಅವಳ ಕೈಗೆ ಕೊಟ್ಟೆ.

ಕಂಪನಿ ತನ್ನ ಗೋದಾಮುಗಳಲ್ಲಿ ಉಳಿದಿದ್ದ ಹಿಂದಿನ ಲಾಟನ್ನು ಹಿಂದಕ್ಕೆ ತರಿಸಿಕೊಂಡಿತು. ಮಾರಾಟವಾಗಿದ್ದವು ಎಲ್ಲಿವೆ ಎಂದು ಹೇಳಲು ಅವರಿಗೂ ಆಗಲಿಲ್ಲ. ಅಂಗಡಿಗಳಲ್ಲಿ ಯಾರು ಕೊಂಡರು ಎಂಬುದನ್ನು ಬರೆದಿಡುವುದಿಲ್ಲ. ಆ ಕೆಲಸಕ್ಕೆ ಕೈ ಹಾಕಿದವರು ಮೆಕ್ಯಾನಿಕ್. ನನ್ನಿಂದ ಆ ಗುರುತು, ತಿಂಗಳು, ವರ್ಷದ ಫೋಟೋ ಕೇಳಿ ಪಡೆದು, ಕಳಸ, ಮೂಡಿಗೆರೆ, ಬಾಳೆಹೊನ್ನೂರಿನ ತಮ್ಮ ಕಸುಬಿನವರಿಗೆಲ್ಲ ವಾಟ್ಸಾಪಿನಲ್ಲಿ ಧ್ವನಿ ಸಂದೇಶ ಕಳಿಸಿದರು: "ಯಾವ ಜೀಪು ಬಂದ್ರೂ ಮುಂದಿನ ಹ್ಯಾಂಗರು ಒರೆಸಿ ನೋಡಿ. ಈ ಗುರುತು, ಇದೇ ತಿಂಗ್ಳು ವರ್ಷ ಇದ್ರೆ ಗಾಡಿ ಹೊರಗೆ ಬಿಡ್ಬೇಡಿ. ತಿಳೀದಿದ್ರೆ ಚಿಕ್ಕಮಗಳೂರಲ್ಲಿ ಒಬ್ರು ಮೇಡಂ ಇದ್ದಾರೆ, ಫೋಟೋ ಹಾಕಿ."

ಅಂದಿನಿಂದ ನನ್ನ ಫೋನಿಗೆ ಗೊತ್ತಿಲ್ಲದ ನಂಬರುಗಳಿಂದ ಫೋಟೋ ಬರುತ್ತವೆ. ಜೀಪಿನ ಅಡಿ, ಕೆಸರು, ಗ್ರೀಸು, ಯಾರದೋ ಹೆಬ್ಬೆರಳು ಒರೆಸಿದ ಜಾಗದಲ್ಲಿ ನಮ್ಮ ಗುರುತು, ತಿಂಗಳು, ವರ್ಷ. ಹೆಚ್ಚಿನವು ಹಳೆಯ ಒಳ್ಳೆಯ ಲಾಟಿನವು. ಅವುಗಳಿಗೆ 'ತೊಂದರೆ ಇಲ್ಲ' ಎಂದು ಬರೆಯುತ್ತೇನೆ. ಇವತ್ತು ಬೆಳಿಗ್ಗೆ ಆಲ್ದೂರಿನ ಬಸ್ಸಿನಲ್ಲಿ ನಿಂತಿದ್ದಾಗ ಒಂದು ಬಂತು. ಬೆಳಕು ಸಾಲದೆ ವರ್ಷ ಸರಿಯಾಗಿ ಕಾಣಲಿಲ್ಲ. ಮತ್ತೊಮ್ಮೆ ಒರೆಸಿ ಹತ್ತಿರದಿಂದ ತೆಗೆಯಿರಿ ಎಂದೆ. ಎರಡು ನಿಮಿಷದಲ್ಲಿ ಕಳಿಸಿದರು. ನೋಡಿದೆ. ಬಿರುಕಿನ ಲಾಟಿನದೇ. ಗಾಡಿಯಲ್ಲಿ ಜನ ಇದ್ದಾರಾ ಎಂದು ಕೇಳಿದೆ. ತೋಟಕ್ಕೆ ಹೋಗೋರು ಹತ್ತಿದ್ದಾರೆ, ಹೊರಡಬೇಕು ಎಂದು ಉತ್ತರ ಬಂತು.

'ಇಳಿಸಿ' ಎಂದು ಬರೆದೆ. ಬರೆದರೆ ಸಾಲದು ಅನಿಸಿ, ಫೋನ್ ಮಾಡಿದೆ.